ಎದುರಿಗೆ ಕೂತು ಹೇಳಿ: ಸಭೆಯಲ್ಲಿ ಕಹಿ ಸತ್ಯ ಮಾತಾಡಬೇಕಾದವರಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಜೋರು ದನಿಗೇನೂ ಬರ ಇಲ್ಲ. ಮೈಕ್ ಕೈಗೆ ಬಂದರೆ ಸಾಕು, ಸಿನಿಮಾದವರಿಂದ ಹಿಡಿದು ಪರದೇಶದ ಅಧ್ಯಕ್ಷರವರೆಗೆ ಎಲ್ಲರನ್ನೂ ಗದರಿಸುವ ಬೋಧಕರು ಬಳ್ಳಾರಿಯಲ್ಲೂ ಇದ್ದಾರೆ, ಸಿಂಧನೂರಿನ ಕ್ಯಾಂಪುಗಳಲ್ಲೂ ಇದ್ದಾರೆ. ಆದರೆ ಮುಂದಿನ ಸಾಲಿನಲ್ಲಿ ಕೂತ ಹಿರಿಯರು ತಮ್ಮ ಹೊಲಿಗೆ ಯೂನಿಟ್ಟಿನ ಹೆಣ್ಣುಮಕ್ಕಳಿಗೆ ಕೂಲಿ ಬಾಕಿ ಇಟ್ಟಿದ್ದಾರೆ ಅಂತ ಸಭೆಗೆಲ್ಲಾ ಗೊತ್ತಿದ್ದರೂ, ಅವರ ಮನೆಗೆ ಹೋಗಿ "ಅಣ್ಣಾ, ಇದು ಸರಿಯಲ್ಲ" ಅನ್ನುವವರು ಸಿಗುವುದು ಕಷ್ಟ.

ಹಾಗಂತ ನಾವು ಸುಮ್ನೆ ಇರುತ್ತೇವೆ ಅಂದುಕೊಳ್ಳಬೇಡಿ. ಹೇಳುತ್ತೇವೆ, ಅಡ್ಡದಾರಿಯಲ್ಲಿ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ "ಹೆಸರು ಹೇಳಲ್ಲ, ನಮ್ಮ ಓಣಿಯ ಒಂದು ಮನೆಗೋಸ್ಕರ ಪ್ರಾರ್ಥಿಸಿ" ಅನ್ನುತ್ತೇವೆ, ಯಾವ ಮನೆ ಅಂತ ಚಾಪೆಯ ಮೇಲೆ ಕೂತ ಎಲ್ಲರಿಗೂ ಆಗಲೇ ಗೊತ್ತಾಗಿರುತ್ತದೆ. ಇಲ್ಲವೇ ಬೆಳಿಗ್ಗೆ ಎದ್ದು ವಾಟ್ಸಾಪ್ ಸ್ಟೇಟಸ್‌ಗೆ ಬೈಬಲಿನ ಒಂದು ವಚನ ಹಾಕುತ್ತೇವೆ, ಅದು ಯಾರಿಗೆ ಚುಚ್ಚಬೇಕೋ ಅವರು ನೋಡಿದರಾ ಅಂತ ಹತ್ತು ಸಲ ತೆಗೆದು ನೋಡುತ್ತೇವೆ. ಪ್ರಸಂಗ (ಸಭೆಯ ಬೋಧನೆ) ಮಾಡುವವರಿಗಂತೂ ಪೀಠವೇ ಇದೆ, "ಇಲ್ಲಿ ಒಬ್ಬರು ಕೂತಿದ್ದೀರಿ, ನಿಮ್ಮ ಹೃದಯಕ್ಕೆ ಗೊತ್ತು" ಅಂದರೆ ಮುಗಿಯಿತು.

ಈ ಬರಹ ನೇರ ದಾರಿಯ ಬಗ್ಗೆ. ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ವಿಷಯ ಮಗುವಿನ ಮೇಲಿನ ದೌರ್ಜನ್ಯದ್ದೋ, ಹೆಂಡತಿಯನ್ನು ಹೊಡೆಯುವವನದ್ದೋ ಆಗಿದ್ದರೆ ಮೊದಲ ಆರು ಹೆಜ್ಜೆ ಬಿಟ್ಟು ನೇರ ಏಳಕ್ಕೆ ಹೋಗಿ.

1. ಇದು ಹೇಳಲೇಬೇಕಾದ ವಿಷಯವಾ?

ಸತ್ಯ ಅಂತ ನಾವು ಹೊತ್ತು ತಿರುಗುವುದರಲ್ಲಿ ಅರ್ಧ ನಮಗೆ ಹಿಡಿಸದ ಸಂಗತಿಗಳು. ಡ್ರಮ್ ಜಾಸ್ತಿ ಬಾರಿಸುತ್ತಾರೆ, ಕನ್ನಡ ಹಾಡು ಬಿಟ್ಟು ತೆಲುಗು ಹಾಡೇ ಹಾಡುತ್ತಾರೆ, ಆ ಅಕ್ಕ ಹೂ ಮುಡಿಯುತ್ತಾಳೆ, ಈ ಹುಡುಗ ಟೀ ಶರ್ಟ್ ಹಾಕಿಕೊಂಡು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಬಂದ. ಇಂಥವುಗಳ ಬಗ್ಗೆ ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಚೆನ್ನಾಗಿ ಹೇಳಿದ್ದಾನೆ. ಒಬ್ಬ ಎಲ್ಲಾ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ ತಿನ್ನುತ್ತಾನೆ, ಒಬ್ಬರಿಗೊಬ್ಬರು ತೀರ್ಪು ಮಾಡಬೇಡಿ. ಅಷ್ಟಕ್ಕೇ ಬಿಡಿ.

ನನ್ನ ಅಳತೆ ಒಂದೇ: ಇದರಿಂದ ಯಾರಿಗಾದರೂ ಪೆಟ್ಟು ಬೀಳುತ್ತಿದೆಯಾ? ಕೂಲಿ ಕೊಡದೆ ಇರುವುದು, ವರದಕ್ಷಿಣೆ, ಜಾತಿ, ಕಾಣಿಕೆ ಲೆಕ್ಕ ಮುಚ್ಚಿಡುವುದು, ಕುಡಿದು ಮನೆಯವರನ್ನು ಹಿಂಸಿಸುವುದು, ರೋಗಿಗೆ ಮಾತ್ರೆ ಬಿಡು ಅನ್ನುವುದು. ಇವೆಲ್ಲಾ ಹೇಳಲೇಬೇಕಾದವು.

ಜಾತಿಯ ವಿಷಯ ಎತ್ತಿದರೆ ಕೆಲವರಿಗೆ ಮುಖ ಸಣ್ಣದಾಗುತ್ತದೆ ಅಂತ ಗೊತ್ತು. ಗಲಾತ್ಯ 3:28 ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗಿಸಿರುತ್ತೇವೆ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅಂತ. ಅದೇ ಗೋಡೆಯ ಕೆಳಗೆ ಕೂತು ಹೆಣ್ಣು ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ, "ನೀವು ಯಾವ ಮಂದಿ ರೀ?" ವರದಕ್ಷಿಣೆಗೂ ಇದೇ ಕಥೆ. "ಕೇಳಿಲ್ಲ, ಅವರೇ ಮಗಳಿಗೆ ಪ್ರೀತಿಯಿಂದ ಕೊಟ್ಟರು" ಅಂದುಬಿಡುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ತೆಗೆದುಕೊಳ್ಳುವುದು ಎಷ್ಟು ಅಪರಾಧವೋ ಕೊಡುವುದೂ ಅಷ್ಟೇ, ಕನಿಷ್ಠ 5 ವರ್ಷ ಜೈಲು ಅಂತ ಬರೆದಿದೆ. ನಿಶ್ಚಿತಾರ್ಥದ ಪ್ರಾರ್ಥನೆ ಮಾಡುವ ಪಾಸ್ಟರ್ ಆ ಮಾತನ್ನು ಎರಡೂ ಮನೆಯವರಿಗೆ ಮೊದಲೇ ಹೇಳಬಹುದು, ಅಲ್ವಾ?

2. ಕಂಡದ್ದೆಷ್ಟು, ಕೇಳಿದ್ದೆಷ್ಟು

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ, ಬಲಗಡೆ ಬೇರೆಯವರು ಹೇಳಿದ್ದನ್ನು. ಸಾಮಾನ್ಯವಾಗಿ ಬಲಗಡೆ ತುಂಬಿರುತ್ತದೆ, ಎಡಗಡೆ ಎರಡು ಸಾಲು ಇರುತ್ತದೆ. ಆ ಎರಡು ಸಾಲೇ ನಿಮ್ಮ ಬಂಡವಾಳ. ಮೋಶೆಯ ಧರ್ಮಶಾಸ್ತ್ರದಲ್ಲಿ ಒಬ್ಬನ ಸಾಕ್ಷಿಯ ಮೇಲೆ ಯಾರನ್ನೂ ಅಪರಾಧಿ ಮಾಡಬಾರದು, ಇಬ್ಬರು ಮೂವರ ಸಾಕ್ಷಿ ಬೇಕು ಅಂತ ಇದೆ (ಧರ್ಮೋಪದೇಶಕಾಂಡ 19:15). ಯೇಸುವೂ ಪೌಲನೂ ಅದೇ ಮಾತನ್ನು ಮತ್ತೆ ಎತ್ತಿಕೊಳ್ಳುತ್ತಾರೆ.

ಕೂಲಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಳ್ಳಾರಿಯಲ್ಲಿ ಜೀನ್ಸ್ ಕೆಲಸ ಬಹಳಷ್ಟು ಪೀಸಿನ ಲೆಕ್ಕದ್ದು. ಕೆಲಸ ಮಾಡುವ ಹೆಣ್ಣುಮಕ್ಕಳ ಹತ್ತಿರ ಒಂದು ಚಿಕ್ಕ ಬುಕ್ ಇರುತ್ತದೆ, ತಾರೀಕು, ಎಷ್ಟು ಪೀಸು, ಎಷ್ಟು ರೊಕ್ಕ ಬಂತು ಅಂತ ಅದರಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಅವರ ಜೊತೆ ಕೂತು ಅದನ್ನು ನೋಡಿ. ಬಾಯಿಮಾತಿನ "ಆರು ತಿಂಗಳಿಂದ ಕೊಟ್ಟಿಲ್ಲ" ಅನ್ನುವುದು ಬುಕ್ಕಿನಲ್ಲಿ ಎರಡೂವರೆ ತಿಂಗಳು ಆಗಿರಬಹುದು. ಎರಡೂವರೆಯೂ ತಪ್ಪೇ. ಆದರೆ ಆರು ಅಂತ ಹೋಗಿ ಹೇಳಿದರೆ ಆ ಮನುಷ್ಯ ನಿಮ್ಮ ಮೂರೂವರೆ ತಿಂಗಳ ಸುಳ್ಳನ್ನೇ ಹಿಡಿದುಕೊಂಡು ಪಾರಾಗುತ್ತಾನೆ.

ಇನ್ನೊಂದು, ಇದು ಮೇಲಿನದಕ್ಕಿಂತ ದೊಡ್ಡದು. ಆ ಹೆಣ್ಣುಮಕ್ಕಳನ್ನು ಕೇಳಿದಿರಾ? ನೀವು ಧೈರ್ಯವಾಗಿ ಮಾತಾಡಿ ಬಂದು ಮನೆಯಲ್ಲಿ ಆರಾಮಾಗಿ ಮಲಗುತ್ತೀರಿ, ಮರುದಿನ ಕೆಲಸ ಹೋಗುವುದು ಅವರದು. ಧೈರ್ಯ ನಿಮ್ಮದು, ದಂಡ ಇನ್ನೊಬ್ಬರದು ಆಗಬಾರದು. ಅವರು ಬೇಡ ಅಂದರೆ ನಿಲ್ಲಿಸಿ. ಒಬ್ಬಳ ಬುಕ್ಕನ್ನೇ ಹಿಡಿದು ಹೋದರೆ ಆಕೆಯ ಮೇಲೆ ಕಣ್ಣು ಬೀಳುತ್ತದೆ, ನಾಲ್ಕೈದು ಮಂದಿ ಸೇರಿ ಒಪ್ಪಿದರೆ ಯಾರು ಹೇಳಿದರು ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಅದಕ್ಕೆ ಸ್ವಲ್ಪ ದಿನ ಹಿಡಿಯಬಹುದು. ಹಿಡಿಯಲಿ.

3. ನಿಮ್ಮ ಕಣ್ಣಿನ ತೊಲೆ

ಸಹೋದರನ ಕಣ್ಣಿನ ರವೆ ನೋಡುವವನು ತನ್ನ ಕಣ್ಣಿನ ತೊಲೆ ಮೊದಲು ತೆಗೆಯಲಿ ಅನ್ನುವ ಮತ್ತಾಯ 7ರ ಮಾತು ಎಲ್ಲರಿಗೂ ಬಾಯಿಪಾಠ, ಹಾಗಾಗಿ ಉದ್ದ ಮಾಡುವುದಿಲ್ಲ. ಕೆಲಸಕ್ಕೆ ಬರುವ ಪ್ರಶ್ನೆ ಕೇಳಿಕೊಳ್ಳಿ. ಆ ಮನುಷ್ಯನ ಹತ್ತಿರ ನೀವು ಸಾಲ ತಂದಿದ್ದೀರಾ? ಅವನಿಗೂ ನಿಮಗೂ ಹೊಲದ ಬದುವಿನ ತಕರಾರು ಇದೆಯಾ? ಸಭೆಯ ಕಮಿಟಿ ಚುನಾವಣೆಯಲ್ಲಿ ಅವನ ಕೈಲಿ ಸೋತಿದ್ದೀರಾ? ಒಂದಕ್ಕಾದರೂ ಹೌದು ಅಂದರೆ ನೀವು ಹೋಗಬೇಡಿ, ಇನ್ನೊಬ್ಬರನ್ನು ಕಳಿಸಿ. ಸತ್ಯ ಸತ್ಯವೇ ಆದರೂ ನಿಮ್ಮ ಬಾಯಿಂದ ಬಂದರೆ ಅವನಿಗೆ ಹಗೆ ಅಂತಲೇ ಕೇಳಿಸುತ್ತದೆ.

ಹಾಗೆಯೇ ತೊಲೆಯ ವಚನ ಹೇಳಿ ಎಲ್ಲರ ಬಾಯಿ ಮುಚ್ಚಿಸುವವರಿಗೂ ಒಂದು ಮಾತು. ತೊಲೆ ತೆಗೆದುಕೊಂಡ ಮೇಲೆ ಸಹೋದರನ ಕಣ್ಣಿನ ರವೆ ತೆಗೆಯುವುದಕ್ಕೆ ಚೆನ್ನಾಗಿ ಕಾಣಿಸುತ್ತದೆ ಅಂತ ಮುಂದಿನ ಸಾಲಲ್ಲೇ ಇದೆ. ಅಲ್ಲಿವರೆಗೂ ಓದಿ.

4. ಜಾಗ ಮತ್ತು ಹೊತ್ತು

ಭಾನುವಾರ ಆರಾಧನೆ ಮುಗಿದ ಕೂಡಲೇ ಬೇಡ. ಚಪ್ಪಲಿ ಹುಡುಕುವ ನೆಪದಲ್ಲಿ ಹತ್ತು ಕಿವಿ ಅಲ್ಲೇ ಇರುತ್ತವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವಂತೂ ಬೇಡವೇ ಬೇಡ, ರಾಯಚೂರಿನ ಆ ಬಿಸಿಲಲ್ಲಿ ಒಳ್ಳೆಯ ಮಾತೂ ಜಗಳವಾಗುತ್ತದೆ. ಗಂಗಾವತಿ, ಸಿರುಗುಪ್ಪ ಕಡೆ ಭತ್ತದ ಕಟಾವು ನಡೆಯುತ್ತಿದ್ದರೆ ಅದು ಮುಗಿಯಲಿ. ಹೊತ್ತು ಮುಳುಗಿದ ಮೇಲೆ, ಊಟಕ್ಕಿಂತ ಮುಂಚೆ, ಅವರ ಮನೆಗೇ ಹೋಗಿ. ಬರುತ್ತೇನೆ ಅಂತ ಮೊದಲೇ ತಿಳಿಸಿ, ಆದರೆ ವಿಷಯ ಫೋನಿನಲ್ಲಿ ಬಿಚ್ಚಬೇಡಿ. ಈಗ ಎಲ್ಲಾ ಫೋನಿನಲ್ಲೂ ರೆಕಾರ್ಡಿಂಗ್ ಇದೆ, ನಿಮ್ಮ ಮಾತಿನ ನಡುವಿನ ಹತ್ತು ಸೆಕೆಂಡು ಕತ್ತರಿಸಿ ಗ್ರೂಪಿಗೆ ಹಾಕಿದರೆ ಮುಗಿಯಿತು.

ಮಕ್ಕಳು, ಸೊಸೆ, ಅಳಿಯನ ಮುಂದೆ ಹೇಳಬೇಡಿ. "ಅಣ್ಣಾ, ಸ್ವಲ್ಪ ಹೊರಗ ಕೂಡೋಣ್ರಿ" ಅಂತ ಅಂಗಳಕ್ಕೋ ಮಾಳಿಗೆಗೋ ಕರೆದುಕೊಂಡು ಹೋಗಿ. ಚಹಾ ಕೊಟ್ಟರೆ ಕುಡಿಯಿರಿ. ಬೇಡ ಅಂದರೆ ಜಗಳಕ್ಕೆ ಬಂದಿದ್ದೀರಿ ಅಂತಲೇ ಅರ್ಥ.

ಹೆಣ್ಣುಮಕ್ಕಳು ಗಂಡಸಾದ ಹಿರಿಯರಿಗೆ ಹೇಳಬೇಕಾದರೆ ಇನ್ನೊಬ್ಬ ಹೆಣ್ಣುಮಗಳನ್ನೋ, ಗಂಡನನ್ನೋ ಜೊತೆಗೆ ಕರೆದುಕೊಳ್ಳಿ. ಅಪೊಸ್ತಲರ ಕೃತ್ಯಗಳು 18ರಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅನ್ನುವ ಗಂಡಹೆಂಡತಿ ಇದ್ದಾರಲ್ಲ, ಅಪೊಲ್ಲೋಸನಂಥ ದೊಡ್ಡ ವಾಗ್ಮಿಯ ಬೋಧನೆಯಲ್ಲಿ ಕೊರತೆ ಇದೆ ಅಂತ ಗೊತ್ತಾದಾಗ ಸಭಾಮಂದಿರದಲ್ಲಿ ಎದ್ದು ನಿಂತು ತಿದ್ದಲಿಲ್ಲ, ಕರೆದುಕೊಂಡು ಹೋಗಿ ವಿವರಿಸಿದರು. ಆ ಕೆಲಸದಲ್ಲಿ ಪ್ರಿಸ್ಕಿಲ್ಲಳೂ ಇದ್ದಳು ಅನ್ನುವುದನ್ನು ನಮ್ಮ ಹಿರಿಯರು ಸ್ವಲ್ಪ ಗಮನಿಸಲಿ.

5. ಮೊದಲ ಮಾತು

ಇಲ್ಲೇ ಬಹಳ ಮಂದಿ ಎಡವುವುದು. ಒಂದೋ ಅರ್ಧ ಗಂಟೆ ಮಳೆ, ಬೆಳೆ, ಹತ್ತಿ ರೇಟು, ಆಲಮಟ್ಟಿ ನೀರು ಅಂತ ಸುತ್ತು ಹಾಕಿ ಹೇಳದೇ ಎದ್ದು ಬರುತ್ತಾರೆ, ಇಲ್ಲವೇ ಬಾಗಿಲಲ್ಲೇ ಸ್ಫೋಟ ಮಾಡುತ್ತಾರೆ. ಕೂಲಿಯ ಮಾತು ಹೀಗೆ ಶುರು ಮಾಡಬಹುದು:

"ಅಣ್ಣಾ, ಒಂದು ಮಾತು ಹೇಳಾಕ ಬಂದೀನಿ. ಕೇಳಿದ ಮ್ಯಾಲ ನಿಮಗ ಬ್ಯಾಸರ ಆಗಬಹುದು. ಆದ್ರ ನಿಮ್ಮ ಹಿಂದ ಮಾತಾಡೋದಕ್ಕಿಂತ ಮುಂದ ಹೇಳೋದು ಚಲೋ ಅನ್ನಿಸ್ತು. ಯೂನಿಟ್ಟಿನ್ಯಾಗ ಕೆಲಸ ಮಾಡೋ ಅಕ್ಕಾರಿಗೆ ದೀಪಾವಳಿಯಿಂದ ಪೀಸಿನ ರೊಕ್ಕ ಬಂದಿಲ್ಲ. ಎಲ್ಲಾರ ಬುಕ್ಕೂ ನಾನ ನೋಡೀನಿ."

ಅಷ್ಟೇ. "ನೀವು ಹಿಂಗ ಮಾಡ್ತೀರಿ ಅಂದ್ಕೊಂಡಿರಲಿಲ್ಲ" ಬೇಡ. "ಎಲ್ಲಾರೂ ಮಾತಾಡ್ಕೊಳ್ಳಾಕತ್ತಾರ" ಅನ್ನುವುದು ಅದಕ್ಕಿಂತ ಕೆಟ್ಟದ್ದು, ಯಾಕಂದರೆ ಆ ಕ್ಷಣದಿಂದ ಅವರು ಕೂಲಿ ಮರೆತು ಆ ಎಲ್ಲಾರೂ ಯಾರು ಅಂತ ಹುಡುಕಲು ಶುರು ಮಾಡುತ್ತಾರೆ.

ಬರುವ ಉತ್ತರಗಳು ಹೆಚ್ಚು ಕಡಿಮೆ ಗೊತ್ತಿದ್ದವೇ. ಮೊದಲನೆಯದು, "ನಿನಗ್ಯಾರು ಹೇಳಿದ್ರು?" ಅದಕ್ಕೆ, "ಅದು ಬಿಡ್ರಿ ಅಣ್ಣಾ, ಬಾಕಿ ಐತೋ ಇಲ್ಲೋ, ಅಷ್ಟ ಹೇಳ್ರಿ." ಎರಡನೆಯದು, "ಮಾಲು ತಗೊಂಡ ಪಾರ್ಟಿಯಿಂದ ರೊಕ್ಕ ಬಂದಿಲ್ಲಪಾ, ನಾ ಎಲ್ಲಿಂದ ಕೊಡ್ಲಿ?" ಇದು ನಿಜ ಇರಬಹುದು, ವ್ಯಾಪಾರದಲ್ಲಿ ಹಾಗೆ ಆಗುತ್ತದೆ, ಆದ್ದರಿಂದ ತಳ್ಳಿಹಾಕಬೇಡಿ. "ಹಂಗಿದ್ರ ಅಕ್ಕಾರನ್ನ ಕರ್ದು ಇದನ್ನ ಹೇಳ್ರಿ. ಇಂಥಾ ತಾರೀಕಿಗೆ ಇಷ್ಟು ಕೊಡ್ತೀನಿ ಅಂತ ಒಂದು ಮಾತು ಕೊಡ್ರಿ." ಮೂರನೆಯದು ಬಂದಾಗ ಮಾತ್ರ ಗಟ್ಟಿಯಾಗಬೇಕು. "ಸಭೆಗೆ ನಾ ಎಷ್ಟು ಕೊಟ್ಟೀನಿ ಗೊತ್ತೈತೇನು? ಆ ಫ್ಯಾನು, ಆ ಸೌಂಡ್ ಬಾಕ್ಸ್ ಯಾರು ಕೊಡಿಸಿದ್ದು?"

ಆಗ ಯಾಕೋಬನ ಪತ್ರ ತೆಗೆಯಿರಿ, 5ನೇ ಅಧ್ಯಾಯ, 4ನೇ ವಚನ. ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಅಲ್ಲಿದೆ. ನೀವು ವ್ಯಾಖ್ಯಾನ ಮಾಡಬೇಡಿ, ಪುಸ್ತಕ ಅವರ ಕೈಗೆ ಕೊಟ್ಟು ಅವರಿಂದಲೇ ಓದಿಸಿ. ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್‌ನವರು 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಕೂತು, ಎರಡು ದಶಕ ತಿಣುಕಿ ಸತ್ಯವೇದವನ್ನು (ಬೈಬಲನ್ನು) ಕನ್ನಡಕ್ಕೆ ತಂದದ್ದು ಓದಲಿಕ್ಕೇ ತಾನೇ. ಒಂದು ವಚನ ಸಾಕು, ಇಪ್ಪತ್ತು ಬೇಡ.

6. ಹೇಳಿದ ಮೇಲೆ ಸುಮ್ನಿರಿ

ರಾಜ ದಾವೀದ ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಮನೆಗೆ ತಂದುಕೊಂಡಾಗ ಪ್ರವಾದಿ ನಾತಾನ ಅರಮನೆಗೆ ಹೋದ (2 ಸಮುವೇಲ 12). ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳಿದ. ರಾಜನಿಗೆ ಸಿಟ್ಟು ನೆತ್ತಿಗೇರಿತು, ಅಂಥವನಿಗೆ ಮರಣವೇ ಸರಿ ಅಂದ. ಆಗ "ಆ ಮನುಷ್ಯ ನೀನೇ." ಮುಂದೆ ದೇವರ ಮಾತನ್ನು ಪೂರ್ತಿ ಹೇಳಿದ, ದಾವೀದ ಪಾಪ ಒಪ್ಪಿಕೊಂಡ, ನಾತಾನ ಮನೆಗೆ ಹೋದ. ಹಳೆಯ ಲೆಕ್ಕಗಳನ್ನೆಲ್ಲಾ ತೆಗೆಯಲಿಲ್ಲ, "ನಾನು ಆಗಲೇ ಹೇಳಿದ್ದೆ" ಅನ್ನಲಿಲ್ಲ.

ನೀವೂ ಅಷ್ಟೇ ಮಾಡಿ. ಕೂಲಿಯ ಮಾತಿಗೆ ಹೋದವರು ಅವರ ಮಗ ಸಭೆಗೆ ಬರುವುದಿಲ್ಲ ಅನ್ನುವುದನ್ನು ಸೇರಿಸಬೇಡಿ. ಅವತ್ತೇ ಉತ್ತರ ಬೇಕು ಅಂತ ಕೂರಬೇಡಿ, ಗಂಡಸರಿಗೆ ತಪ್ಪು ಒಪ್ಪಿಕೊಳ್ಳಲು ಒಂದು ರಾತ್ರಿಯಾದರೂ ಬೇಕು. ಕೊನೆಗೆ ಪ್ರಾರ್ಥನೆ ಮಾಡೋಣ ಅಂತ ಅವರೇ ಅಂದರೆ ಮಾಡಿ. ದಯವಿಟ್ಟು ಕಣ್ಣು ಮುಚ್ಚಿಕೊಂಡು ಪ್ರಸಂಗ ಮುಂದುವರಿಸಬೇಡಿ, "ಕರ್ತನೇ, ಈ ಸಹೋದರನ ಕಠಿಣ ಹೃದಯವನ್ನು ಮುರಿ" ಅಂತ.

7. ಇವುಗಳಿಗೆ ಮನೆಗೆ ಹೋಗಿ ಮಾತಾಡಬೇಡಿ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಸಭಾಪಾಲಕರ ಮುಂದೆ ಕೂರಿಸಿ ಕ್ಷಮೆ ಕೇಳಿಸುವ ಕೆಲಸವೇ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೇ ಇರುವುದೂ ಅಪರಾಧ. ಅದು ಪಾಸ್ಟರಿಗೂ ಅನ್ವಯಿಸುತ್ತದೆ, ಸಂಡೇ ಸ್ಕೂಲ್ ಟೀಚರಿಗೂ ಅನ್ವಯಿಸುತ್ತದೆ, ಹಾಸ್ಟೆಲ್ ನಡೆಸುವವರಿಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098, ಪೊಲೀಸ್ ತುರ್ತು ಕರೆ 112. ಹದಿನೆಂಟು ತುಂಬದ ಹುಡುಗಿಗೆ ಮದುವೆ ಗೊತ್ತುಮಾಡಿದರೂ ಇದೇ 1098. ಹೆಂಗಸರ ಮೇಲಿನ ಹಿಂಸೆಗೆ 181 ಇದೆ.

"ಮತ್ತಾಯ 18ರ ಪ್ರಕಾರ ಮೊದಲು ಒಬ್ಬರೇ ಹೋಗಿ ಮಾತಾಡಬೇಕಲ್ಲ, ಹೊರಗೆ ಹೋದರೆ ದೇವರ ನಾಮಕ್ಕೆ ಅವಮಾನ" ಅನ್ನುತ್ತಾರೆ. ಕೆಟ್ಟವರಲ್ಲ, ಮರ್ಯಾದೆಗೆ ಅಂಜುವವರು ಅನ್ನುವ ಮಾತಿದು. ಅವರಿಗೆ ಅದೇ ಅಧ್ಯಾಯವನ್ನು ಮೊದಲಿಂದ ಓದಲು ಹೇಳಿ. ಸಹೋದರನ ಹತ್ತಿರ ಒಬ್ಬನೇ ಹೋಗು ಅನ್ನುವುದು 15ನೇ ವಚನ. ಅದಕ್ಕಿಂತ ಮೊದಲು 6ನೇ ವಚನದಲ್ಲಿ, ಈ ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಅಂತ ಯೇಸುವೇ ಹೇಳಿದ್ದು. ಅದರಲ್ಲಿ ರಾಜಿಯ ಸುಳಿವು ಎಲ್ಲೂ ಇಲ್ಲ.

ಹೊಡೆತ ತಿಂದ ಹೆಂಡತಿಯನ್ನು "ಒಬ್ಬಳೇ ಹೋಗಿ ಪ್ರೀತಿಯಿಂದ ಹೇಳಮ್ಮಾ" ಅಂತ ಅದೇ ಮನೆಗೆ ಕಳಿಸುವುದೂ ಹೀಗೆಯೇ. ಮೊದಲು ಆಕೆಗೆ ಮಲಗಲು ಒಂದು ಜಾಗ ಮಾಡಿಕೊಡಿ, ಗಾಯ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲಿ ಬರೆಸಿ. ಗಂಡನಿಗೆ ಬುದ್ಧಿ ಹೇಳುವುದು ಆಮೇಲಿನ ಮಾತು, ಅದನ್ನು ಆಕೆಯಲ್ಲ, ಬೇರೆ ಗಂಡಸರು ಹೇಳಬೇಕು.

8. ಪಾಸ್ಟರ್ ಅಯ್ಯನವರ ಹತ್ತಿರ ಲೆಕ್ಕ ಕೇಳುವುದು

ಇದಕ್ಕೆ ಹೆದರುವಷ್ಟು ನಮ್ಮ ಜನ ಬೇರೆ ಯಾವುದಕ್ಕೂ ಹೆದರುವುದಿಲ್ಲ. "ಅಭಿಷಿಕ್ತನನ್ನು ಮುಟ್ಟಬೇಡಿ" ಅನ್ನುವ ಒಂದು ಮಾತಿಗೆ ಇಡೀ ಕಮಿಟಿ ತಲೆ ತಗ್ಗಿಸುತ್ತದೆ. ದೇವರ ಅಭಿಷಿಕ್ತ, ಅಂದರೆ ದೇವರು ಆರಿಸಿದವನು ಅಂತ ರಾಜ ಸೌಲನನ್ನು ದಾವೀದ ಮುಟ್ಟಲಿಲ್ಲ ನಿಜ, ಗವಿಯಲ್ಲಿ ಕೈಗೆ ಸಿಕ್ಕಾಗಲೂ ಕೊಲ್ಲಲಿಲ್ಲ. ಆದರೆ ಸೌಲ ಹೊರಗೆ ಹೋದ ಮೇಲೆ ಹಿಂದಿನಿಂದ ಕೂಗಿ ಕರೆದು, ಕತ್ತರಿಸಿಟ್ಟುಕೊಂಡಿದ್ದ ಅವನ ನಿಲುವಂಗಿಯ ತುದಿ ತೋರಿಸಿ, ನನ್ನನ್ನು ಯಾಕೆ ಅಟ್ಟಿಸಿಕೊಂಡು ಬರುತ್ತೀ ಅಂತ ಅವನ ಸೈನ್ಯದ ಮುಂದೆಯೇ ಕೇಳಿದ (1 ಸಮುವೇಲ 24). ಕೈ ಎತ್ತದವನು ಬಾಯಿ ಮುಚ್ಚಿಕೊಂಡಿರಲಿಲ್ಲ.

ಕೇಳುವ ರೀತಿ ಮಾತ್ರ ಸರಿಯಾಗಿರಬೇಕು. ಹಿರಿಯನನ್ನು ಗದರಿಸದೆ ತಂದೆಯೆಂದು ಎಣಿಸಿ ಬುದ್ಧಿ ಹೇಳು ಅಂತ 1 ತಿಮೊಥೆಯ 5:1 ಹೇಳುತ್ತದೆ. ಅದೇ ಅಧ್ಯಾಯದ 19, 20ರಲ್ಲಿ ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರ ಸಾಕ್ಷಿ ಬೇಕು, ಪಾಪದಲ್ಲೇ ಮುಂದುವರಿದರೆ ಎಲ್ಲರ ಮುಂದೆ ಗದರಿಸು ಅಂತಲೂ ಇದೆ. ಎರಡೂ ಒಟ್ಟಿಗೆ ಹಿಡಿದುಕೊಳ್ಳಿ. "ರೊಕ್ಕ ಎಲ್ಲಿ ಹೋಯ್ತು?" ಅಂದರೆ ಕಳ್ಳ ಅಂದ ಹಾಗೆ. "ಅಯ್ಯನವರೇ, ಕಟ್ಟಡದ ಕಾಣಿಕೆ ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಒಂದು ಹಾಳೆ ಬರೆದು ಬೋರ್ಡಿಗೆ ಹಚ್ಚಿದರೆ ನಮಗೂ ಚಲೋ, ನಿಮಗೂ ಚಲೋ" ಅಂದರೆ ಇಲ್ಲ ಅನ್ನುವುದು ಕಷ್ಟ. ಸಿಟ್ಟಾದರೆ 2 ಕೊರಿಂಥ 8:20, 21 ತೋರಿಸಿ. ಯೆರೂಸಲೇಮಿನ ಬಡವರ ಹಣ ಒಯ್ಯುವಾಗ ಪೌಲನೇ ಒಬ್ಬನೇ ಹೋಗಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ.

ಒಳಗಿನ ವ್ಯವಸ್ಥೆ ಗೊತ್ತಿರಲಿ. ನಿಮ್ಮ ಸಭೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ ವರ್ಷಕ್ಕೊಮ್ಮೆ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಇಡಬೇಕು. ಕ್ಯಾಥೊಲಿಕರಲ್ಲಿ ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಲೇಬೇಕು ಅಂತ ಚರ್ಚಿನ ಕಾನೂನೇ ಹೇಳುತ್ತದೆ. ಅಲ್ಲಿ ಮುಗಿಯದಿದ್ದರೆ ಬಿಷಪ್ಪರಿಗೆ ಪತ್ರ ಬರೆಯಬಹುದು, ಬಳ್ಳಾರಿ ಧರ್ಮಪ್ರಾಂತ್ಯ 1949ರಿಂದ ಇದೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಸಭೆಗಳಲ್ಲೂ ಮೇಲೆ ಕೇಳುವವರು ಇದ್ದಾರೆ. ಕಷ್ಟ ಇರುವುದು ಸ್ವತಂತ್ರ ಸಭೆಗಳಲ್ಲಿ. ಪಾಸ್ಟರೇ ಅಧ್ಯಕ್ಷ, ಹೆಂಡತಿ ಖಜಾಂಚಿ, ಭಾಮೈದ ಕಾರ್ಯದರ್ಶಿ ಇರುವ ಟ್ರಸ್ಟಿನಲ್ಲಿ ನೀವು ಯಾರಿಗೆ ದೂರು ಕೊಡುತ್ತೀರಿ? ಅಂಥ ಕಡೆ ಒಂದು ಸಣ್ಣ ಬದಲಾವಣೆಯಿಂದ ಶುರು ಮಾಡಿ: ಕಾಣಿಕೆ ಪೆಟ್ಟಿಗೆ ತೆರೆಯುವಾಗ ಆ ಮನೆಯವರಲ್ಲದ ಇಬ್ಬರು ಕೂತು ಎಣಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಇದಕ್ಕೂ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕ ಹಾಗೆಯೇ.

9. "ಮಾತ್ರೆ ಬಿಟ್ಟೆ, ದೇವರು ವಾಸಿ ಮಾಡಿದ"

ಸಭೆಯಲ್ಲಿ ಎದ್ದು ನಿಂತು ಯಾರಾದರೂ ತಮ್ಮ ಅನುಭವದ ಇಂಥ ಸಾಕ್ಷಿ ಹೇಳಿದಾಗ ಚಪ್ಪಾಳೆ ತಟ್ಟಿ ಕೂರಬೇಡಿ. ಅದೇ ಚಾಪೆಯ ಮೇಲೆ ಟಿ.ಬಿ. ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬ ಹುಡುಗ ಕೂತಿರುತ್ತಾನೆ. ಟಿ.ಬಿ.ಗೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ಬಿಡದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ಕಡಿಮೆಯಾಗಿ ಮೈ ಹಗುರಾಗುತ್ತದೆ, ವಾಸಿಯಾಯಿತು ಅಂತ ಬಿಟ್ಟರೆ ಉಳಿದ ರೋಗಾಣು ಗಟ್ಟಿಯಾಗಿ ಅದೇ ಔಷಧಿಗೆ ಬಗ್ಗದಂತಾಗುತ್ತದೆ, ಮನೆಯವರಿಗೂ ಅದೇ ಹರಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿಯೂ ಬರುತ್ತದೆ.

ಸಾಕ್ಷಿ ಹೇಳಿದವರಿಗೆ ಅಲ್ಲೇ ಅವಮಾನ ಮಾಡಬೇಡಿ. ಆ ಹುಡುಗನನ್ನು ಹೊರಗೆ ಕರೆದು "ತಮ್ಮಾ, ಮಾತ್ರಿ ಬಿಡಬ್ಯಾಡ" ಅಂತ ಅವತ್ತೇ ಹೇಳಿ. ಆಮೇಲೆ ಸಭೆ ನಡೆಸುವವರಿಗೆ ಹೇಳಿ, ಮುಂದಿನ ವಾರ ಅದೇ ಮೈಕಿನಲ್ಲಿ "ಪ್ರಾರ್ಥನೆಯನ್ನೂ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ" ಅನ್ನಿಸಿ. ಎಲ್ಲರ ಕಿವಿಗೆ ಬಿದ್ದ ತಪ್ಪನ್ನು ಎಲ್ಲರ ಕಿವಿಗೆ ಬೀಳುವ ಹಾಗೆಯೇ ತಿದ್ದಬೇಕು. ಪೌಲನ ಜೊತೆ ತಿರುಗಿದ ಲೂಕನು ವೈದ್ಯ, ತಿಮೊಥೆಯನ ಹೊಟ್ಟೆನೋವಿಗೆ ಪೌಲನು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದ. ಇಷ್ಟು ಸಾಕಲ್ಲ?

10. ಕೇಳದಿದ್ದರೆ

ಒಬ್ಬರೇ ಹೋಗಿ ಹೇಳಿದಿರಿ, ಕೊಟ್ಟ ತಾರೀಕು ದಾಟಿತು, ಏನೂ ಆಗಲಿಲ್ಲ. ಈಗ ಇಬ್ಬರನ್ನು ಕರೆದುಕೊಂಡು ಹೋಗಿ. ಯಾರನ್ನು ಅನ್ನುವುದೇ ಕಷ್ಟದ ಪ್ರಶ್ನೆ. ಮುದಗಲ್ಲಿನಂಥ, ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿರುವ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಮಾವ, ಭಾವ, ಬೀಗರು. ಅವರ ಶತ್ರುವನ್ನು ಕರೆದುಕೊಂಡು ಹೋದರೆ ದಂಡು ಕಟ್ಟಿಕೊಂಡು ಬಂದ ಹಾಗೆ, ಅವರ ತಂಗಿಯ ಗಂಡನನ್ನು ಕರೆದುಕೊಂಡು ಹೋದರೆ ಆತ ಬಾಯಿ ಬಿಡುವುದಿಲ್ಲ. ಅವರು ಮರ್ಯಾದೆ ಕೊಡುವ, ಅವರಿಂದ ಏನೂ ಆಗಬೇಕಾಗಿರದ ಒಬ್ಬ ವಯಸ್ಸಾದ ಕಾಕಾ ಇದ್ದೇ ಇರುತ್ತಾರೆ, ಅಂಥವರನ್ನು ಹುಡುಕಿ.

ಆಮೇಲೆ ಸಭೆಯ ಮುಂದೆ. ಕೆಲವು ತಪ್ಪು ಮಾತ್ರ ನೇರ ಇಲ್ಲಿಗೇ ಬರುತ್ತವೆ, ಮಾಡಿದ್ದೇ ಎಲ್ಲರ ಮುಂದೆ ಅನ್ನುವಂಥವು. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಮೊದಲು ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನವರು ಬಂದ ಕೂಡಲೇ ಹಿಂದೆ ಸರಿದು ಬೇರೆ ಕೂತ. ಪೌಲ ಎಲ್ಲರ ಮುಂದೆಯೇ ಕೇಳಿದ (ಗಲಾತ್ಯ 2). ಸಭೆಯ ಊಟದಲ್ಲಿ ಕೆಲವರಿಗೆ ಬೇರೆ ಪಂಕ್ತಿ ಹಾಕಿದರೆ ನೀವೂ ಅಲ್ಲೇ ಕೇಳಿ. ಕೇಳುವುದಕ್ಕಿಂತ ಮೊದಲು ನಿಮ್ಮ ತಟ್ಟೆ ಎತ್ತಿಕೊಂಡು ಆ ಪಂಕ್ತಿಗೆ ಹೋಗಿ ಕೂತುಬಿಡಿ.

ಸಭೆಯ ಮಾತನ್ನೂ ಕೇಳದವನು (ಆಗ ಜನ ದೂರ ಇಡುತ್ತಿದ್ದ) ಸುಂಕದವನಂತೆ ಇರಲಿ ಅನ್ನುವ ವಚನ ಹಿಡಿದು ಅವರ ಮನೆಯ ಸಾವಿಗೂ ಹೋಗದವರನ್ನು ನೋಡಿದ್ದೇನೆ. ಹಿರಿತನ, ಮೈಕು, ಖಜಾನೆ ಬಿಡಿಸಿ, ಸರಿ. ಸಾವು, ಮದುವೆ, ಆಸ್ಪತ್ರೆ ಬಿಡಬೇಡಿ. ಯೇಸು ಸುಂಕದವರ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದ.

11. ಹೊರಗಿನವರ ಜೊತೆ

ಇಲ್ಲಿ ಧೈರ್ಯದ ಹೆಸರಲ್ಲಿ ಆಗುವ ಎಡವಟ್ಟು ಜಾಸ್ತಿ. ಹುಲಿಗಿ ಜಾತ್ರೆಗೆ ಹೋಗುವ ಪಕ್ಕದ ಮನೆಯ ಅಕ್ಕನಿಗೆ ಅವಳ ದೇವರ ಬಗ್ಗೆ ಹಗುರವಾಗಿ ಮಾತಾಡುವುದು ಸತ್ಯ ಹೇಳುವುದಲ್ಲ, ಅದು ಬರೀ ಒರಟುತನ. ಎಫೆಸದಲ್ಲಿ ದೊಡ್ಡ ಗಲಾಟೆ ಎದ್ದಾಗ ಊರಿನ ಅಧಿಕಾರಿಯೇ ನಿಂತು, ಈ ಮನುಷ್ಯರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಅಂತ ಪೌಲನ ಸಂಗಡಿಗರ ಪರ ಹೇಳಿದ (ಅಪೊಸ್ತಲರ ಕೃತ್ಯಗಳು 19:37). ಎರಡು ವರ್ಷ ಅಲ್ಲಿ ಬೋಧಿಸಿದ ಮೇಲೂ ಆ ಸರ್ಟಿಫಿಕೇಟ್ ಸಿಕ್ಕಿತ್ತು. ಕೇಳಿದವರಿಗೆ ನಿಮ್ಮ ನಂಬಿಕೆ ಏನು ಅಂತ ನೇರವಾಗಿ, ನಾಚಿಕೆ ಇಲ್ಲದೆ ಹೇಳಿ. ಕೆಲಸದ ಜಾಗದಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕು ಅಂದರೆ ಹಾಕಲ್ಲ ಅನ್ನಿ, ವಚನ ಹೇಳುವ ಅಗತ್ಯವೂ ಇಲ್ಲ.

12. ಮುಂದಿನ ಭಾನುವಾರ

ಹೇಳಿ ಬಂದ ಮೇಲೆ ಮೊದಲ ಭಾನುವಾರ ತಪ್ಪಿಸಬೇಡಿ. ಹೋಗಿ, ಎಂದಿನ ಜಾಗದಲ್ಲೇ ಕೂತು, ಅವರಿಗೆ ಮೊದಲು ನೀವೇ ಕೈಮುಗಿಯಿರಿ. ಅವರು ಮುಖ ತಿರುಗಿಸಬಹುದು. ಅವರ ಸಂಬಂಧಿಕರು ನಿಮ್ಮ ಮನೆಯ ಪ್ರಾರ್ಥನೆಗೆ ಬರುವುದು ಬಿಡಬಹುದು, ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ನಿಮ್ಮ ಮಕ್ಕಳಿಗೆ ಪಾತ್ರ ಸಿಗದೇ ಹೋಗಬಹುದು. ಇದನ್ನು ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಮಾತಾಡಿದ್ದು ನೀವು, ಅನುಭವಿಸುವುದರಲ್ಲಿ ಅವರಿಗೂ ಪಾಲಿದೆ. ಯಾರಾದರೂ ಬಂದು "ಏನು ಮಾತಾಡಿದ್ರಿ ಅವತ್ತು?" ಅಂದರೆ "ಅದು ನಮ್ಮಿಬ್ಬರದ್ದು ಬಿಡ್ರಿ" ಅಂದುಬಿಡಿ. ಕೂಲಿ ಬಂದಿದ್ದರೆ ಅದನ್ನು ನಿಮ್ಮ ಸಾಕ್ಷಿಯಾಗಿ ಮೈಕಿನಲ್ಲಿ ಹೇಳಲೇಬೇಡಿ.

ಕೊನೆಗೂ ಸಭೆ ಬಿಡಲೇಬೇಕಾಗಿ ಬಂದರೆ, ಎಷ್ಟೋ ಸಲ ಹಾಗೂ ಆಗುತ್ತದೆ, ಸದ್ದಿಲ್ಲದೆ ಬರುವುದು ನಿಲ್ಲಿಸಬೇಡಿ, ಪಾಸ್ಟರಿಗೆ ಕಾರಣ ಹೇಳಿ ಬಿಡಿ. ಅರ್ಧ ಸಭೆಯನ್ನು ಹಿಂದೆ ಕಟ್ಟಿಕೊಂಡು ಹೋಗಿ ಮುಂದಿನ ಓಣಿಯಲ್ಲಿ ಹೊಸ ಬೋರ್ಡ್ ಹಾಕಬೇಡಿ. ಬಿಡುವ ಮೊದಲು ನಿಮ್ಮ ಮನೆಯವರ ದೀಕ್ಷಾಸ್ನಾನದ ಪತ್ರ, ಮದುವೆಯ ದಾಖಲೆಯ ಪ್ರತಿ ಸಹಿ ಸಮೇತ ಕೇಳಿ ತೆಗೆದುಕೊಳ್ಳಿ. ಮಕ್ಕಳ ಮದುವೆಯ ಹೊತ್ತಿಗೆ ಅದನ್ನು ಹುಡುಕಿಕೊಂಡು ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಗುತ್ತದೆ.